ಮುಚ್ಚಳದ ಮೂಲೆಯ ಕಚ್ಚು

ಕಣ್ಣೆದುರಿಗೇ ಕಳವು ನಡೆದಿರುವಾಗ ಕಿಟಕಿಯಾಚೆಗೆ ಮುಖ ತಿರುಗಿಸಿ ಕುಳಿತವರಲ್ಲಿ ನೀವೂ ಒಬ್ಬರಲ್ಲವೇ? ಅಂದು ಬೆಳಿಗ್ಗೆ ಆ ಬಸ್ಸಿನಲ್ಲಿದ್ದವರೆಲ್ಲರೂ ಹಾಗೆಯೇ ಕುಳಿತಿದ್ದರು. ಎದ್ದು ನಿಂತವರು ಟೀಚರಮ್ಮ ಒಬ್ಬರೇ.

"ರೀ, ಅಲ್ನೋಡಿ! ಆ ಅಜ್ಜಿ ತೊಡೆ ಮೇಲೆ. ನಮ್ಮ ಬ್ಯಾಗು!"

ಪಕ್ಕದಲ್ಲಿದ್ದ ಪತಿರಾಯರು ಪತ್ರಿಕೆಯಿಂದ ತಲೆಯೆತ್ತಿ ನೋಡಿದರು. ಮರುಕ್ಷಣವೇ ಪತ್ರಿಕೆ ಹಣೆಯವರೆಗೆ ಏರಿತು.

"ಯಾವ್ದೋ ಒಂದು ಬ್ಯಾಗು ಕಣೇ. ಊರಲ್ಲಿ ಬ್ಯಾಗಿಗೇನು ಬರಗಾಲವಾ?"

ಅದು ಯಾವುದೋ ಒಂದು ಚೀಲವಾಗಿರಲಿಲ್ಲ. ಮರದ ಮುಚ್ಚಳ, ಕಂದು ಚರ್ಮದ ಒಡಲು, ಮುಚ್ಚಳದ ಒಂದು ಮೂಲೆಯಲ್ಲಿ ಅರ್ಧಚಂದ್ರದಂಥ ಕಚ್ಚು. ಆ ಕಚ್ಚು ಟೀಚರಮ್ಮನವರ ಮನೆಯ ಹಿಂಬದಿಯ ಕೋಣೆಯಲ್ಲಿ ಹುಟ್ಟಿದ್ದು. ನಿವೃತ್ತಿಯ ನಂತರ ದಂಪತಿಗಳು ಅಲ್ಲಿ ಕೈಚೀಲ ಮಾಡುತ್ತಿದ್ದರು. ಪತಿರಾಯರು ಹಲಗೆ ಕೊಯ್ಯುವುದು, ಟೀಚರಮ್ಮ ಮೇಣದ ದಾರದಲ್ಲಿ ಚರ್ಮ ಹೊಲಿಯುವುದು. ಕಳೆದ ವರ್ಷ ಪತಿರಾಯರು ಒಂದು ರಟ್ಟಿನ ಅಚ್ಚನ್ನು ತಂದು ಮೇಜಿನ ಮೇಲಿಟ್ಟಿದ್ದರು.

"ಈ ಮೂಲೇಲಿ ಕಚ್ಚು ಯಾಕ್ರೀ?"

"ಅದೇ ಕಣೇ ಕಲೆ. ತಲೆ ಕೆಡಿಸ್ಕೊಂಡು ಯೋಚಿಸಿದ್ದು, ನಿನಗೋಸ್ಕರ."

ಟೀಚರಮ್ಮ ಬೆಣ್ಣೆಯಂತೆ ಕರಗಿದ್ದರು. ಆ ಕಚ್ಚಿನ ಸುತ್ತ ಚರ್ಮವನ್ನು ಬಾಗಿಸಿ ಹೊಲಿಯುವುದು ಬೆರಳು ಕೀಳುವ ಕೆಲಸ. ಆದರೂ ಒಂದು ಹೊಲಿಗೆಯನ್ನೂ ತಪ್ಪಿಸಿರಲಿಲ್ಲ. ನಾಳೆ ಕರಕುಶಲ ಪ್ರದರ್ಶನದ 'ಸ್ವಂತ ಕಲ್ಪನೆ' ವಿಭಾಗದಲ್ಲಿ ಮನೆಯಲ್ಲಿದ್ದ ಆ ಚೀಲವು ತೀರ್ಪುಗಾರರ ಮುಂದೆ ನಿಲ್ಲಬೇಕಿತ್ತು. ಊರಲ್ಲಿ ಅದರ ಜೋಡಿಯೊಂದು ಓಡಾಡುತ್ತಿದೆಯೆಂದು ಯಾರಾದರೂ ಬೆರಳು ತೋರಿಸಿದರೆ? ಪರೀಕ್ಷೆಯಲ್ಲಿ ನಕಲು ಮಾಡಿದವರಿಗೆ ಜೀವಮಾನವಿಡೀ ಸೊನ್ನೆ ಸುತ್ತಿದ ಕೈ ಅವರದು. ಆ ಕೈಗೇ ನಕಲಿನ ಮಸಿಯೇ? ಒಂದೇ ಸರಿಯುತ್ತರ ಇಬ್ಬರಲ್ಲಿದ್ದರೆ ಅದು ಓದು, ಒಂದೇ ವಿಚಿತ್ರ ಇಬ್ಬರಲ್ಲಿದ್ದರೆ ಅದು ಕಳವು: ಇದು ಅವರ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

ಅಜ್ಜಿ ಇಳಿದರು. ಟೀಚರಮ್ಮನೂ ಇಳಿದರು, ಪತಿರಾಯರ ತೋಳು ಹಿಡಿದು.

"ನಂಗೆ ಮಂಡಿ ನೋವು ಕಣೇ."

"ಬಸ್ ಹತ್ತೋವಾಗ ಇರ್ಲಿಲ್ಲ?"

"ಈಗ ತಾನೇ ಬಂತು."

"ಅಚ್ಚು ಮನೆಯಿಂದಾಚೆ ಹೇಗೆ ಹೋಯ್ತು ಅಂತ ಗೊತ್ತಾಗ್ಬೇಕು ನಂಗೆ. ನೀವೇನಾದ್ರೂ ಯಾರಿಗಾದ್ರೂ ತೋರಿಸಿದ್ರಾ?"

"ದೇವ್ರಾಣೆ, ಯಾರಿಗೂ ತೋರಿಸಿಲ್ಲ!" ಎಂದರು ಪತಿರಾಯರು. ಈ ಒಂದು ಮಾತನ್ನು ಮಾತ್ರ ಅವರು ಎದೆ ತಟ್ಟಿ ಹೇಳಿದರು.

ಗಲ್ಲಿಯುದ್ದಕ್ಕೂ ಬೆನ್ನಟ್ಟುವಿಕೆ ನಡೆಯಿತು. ಅಜ್ಜಿ ಹಿಂದಿರುಗಿ ನೋಡಿದಾಗಲೆಲ್ಲ ಟೀಚರಮ್ಮ ದೀಪದ ಕಂಬದ ಮರೆಗೆ ಸರಿಯುತ್ತಿದ್ದರು. ಕಂಬದ ಎರಡೂ ಬದಿಗೆ ಅರ್ಧರ್ಧ ಟೀಚರಮ್ಮ ಕಾಣುತ್ತಿದ್ದರು. ಕೊನೆಗೆ ಒಂದು ಹಳೆಯ ಗೇಟು ಬಂತು. ಪತಿರಾಯರು ಅಲ್ಲೇ ಕುಕ್ಕರಿಸಿದರು.

"ನೀನು ನಡಿ. ಶೂ ಲೇಸ್ ಕಟ್ಕೊಂಡು ಬಂದೆ."

ಅವರ ಕಾಲಲ್ಲಿದ್ದದ್ದು ಚಪ್ಪಲಿ. ಧರ್ಮಯುದ್ಧಕ್ಕೆ ಹೊರಟವರಿಗೆ ಅದೆಲ್ಲ ಕಾಣುವುದಿಲ್ಲ.

ಒಳಗೆ ತಗಡಿನ ಮಾಡಿನ ಕೋಣೆ. ಹದಮಾಡಿದ ಚರ್ಮದ ವಾಸನೆ, ನೆಲದ ತುಂಬ ಮರದ ಪುಡಿ, ಗೋಡೆಯ ಮೇಲೆ ಗರಗಸಗಳ ಸಾಲು. ಅಜ್ಜಿ ಚೀಲವನ್ನು ಮೊಳೆಗೆ ತಗುಲಿಸಿ ತಿರುಗಿದರು.

"ಯಾರು ಬೇಕಿತ್ತಮ್ಮ?"

"ಕಳ್ಳರು ಬೇಕಿತ್ತು!"

"ಓ! ಒಬ್ರಾ, ಇಬ್ರಾ? ಕೂತ್ಕೊಳ್ಳಿ, ಹುಡುಕೋಣ."

ಟೀಚರಮ್ಮ ಕೂರಲಿಲ್ಲ. ಪರರ ಬುದ್ಧಿಯನ್ನು ಕದಿಯುವುದು ಪರರ ಅನ್ನವನ್ನು ಕದಿಯುವುದಕ್ಕಿಂತ ಹೇಗೆ ಹೀನವೆಂಬುದನ್ನು, ಉಸಿರು ಬಿಡದೆ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ವಿವರಿಸಿದರು. ಆಮೇಲೆ ಕಪಾಟಿನತ್ತ ಕೈ ಚಾಚಿದರು. ಅಲ್ಲಿ ಮಾರಾಟಕ್ಕಿಟ್ಟ ಕೈಚೀಲಗಳು. ಮುಚ್ಚಳಗಳೆಲ್ಲ ಅಂಚು ಕೆಡದೆ ನೆಟ್ಟಗಿದ್ದವು.

"ನೋಡಿ, ನೋಡಿ! ಕದ್ದ ಗುರುತು ಸಿಗಬಾರದು ಅಂತ ಇವಕ್ಕೆಲ್ಲ ಕಚ್ಚೇ ಹಾಕಿಲ್ಲ! ಒಂದರಲ್ಲಿ ಮರೆತು ಸಿಕ್ಕಿಹಾಕ್ಕೊಂಡ್ರಿ!"

ಅಜ್ಜಿ ನಗತೊಡಗಿದರು. ಸ್ಟೂಲು ಅಲುಗಾಡುವಷ್ಟು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅಯ್ಯೋ ನನ್ನ ತಾಯಿ, ಅದು ಕಚ್ಚಲ್ಲ, ಸೀನು! ನಾನು ಮಾಡಿದ ಮೊದಲ್ನೇ ಬ್ಯಾಗು ಅದು. ಗರಗಸ ಮೂಲೆಗೆ ಬಂದಿತ್ತು, ಮೂಗಿಗೆ ಪುಡಿ ಹೋಯ್ತು, ಆಕ್ಷೀ ಅಂದೆ. ಮೂಲೆ ಚಕ್ ಅಂತ ಹಾರಿಹೋಯ್ತು. ಅರದಲ್ಲಿ ಉಜ್ಜಿ ದುಂಡಗೆ ಮಾಡಿ ಮಾನ ಉಳಿಸ್ಕೊಂಡೆ. ಯಾರು ಕೊಳ್ತಾರೆ ಅದನ್ನ? ನಾನೇ ಹೊತ್ಕೊಂಡು ತಿರುಗ್ತೀನಿ."

ಟೀಚರಮ್ಮನವರ ಎತ್ತಿದ ಬೆರಳು ಗಾಳಿಯಲ್ಲೇ ಉಳಿಯಿತು. ವರ್ಷವಿಡೀ ಬೆರಳು ಚುಚ್ಚಿಸಿಕೊಂಡು ತಾವು ಅಷ್ಟು ಭಕ್ತಿಯಿಂದ ಹೊಲಿದದ್ದು ಬೇರೊಬ್ಬರ ಸೀನನ್ನೇ?

"ಹಾಗಾದ್ರೆ... ನಮ್ಮನೆಯವರು ತಲೆ ಕೆಡಿಸ್ಕೊಂಡು ಯೋಚಿಸಿದ್ದು?"

ಅಜ್ಜಿಯ ಕಣ್ಣು ಟೀಚರಮ್ಮನ ಭುಜದ ಮೇಲಿಂದ ಗೇಟಿನತ್ತ ಹೋಯಿತು. ಮುಖ ಅರಳಿತು.

"ಅರೆ, ಯಜಮಾನ್ರೇ! ಅಲ್ಲೇ ಯಾಕೆ ಕೂತ್ರಿ? ಕಣ್ಣಾಸ್ಪತ್ರೆ ಸಾಲಲ್ಲಿ ನನ್ನ ಬ್ಯಾಗನ್ನ ಪೇಪರ್ ಮೇಲೆ ಮಗುಚಿ ಗೆರೆ ಎಳ್ಕೊಂಡ್ರಲ್ಲ, ನಾನೇ ಪೇಪರ್ ಹಿಡ್ಕೊಂಡಿದ್ದೆ! ಹೆಂಡ್ತಿಗೆ ಇಷ್ಟ ಆಯ್ತಾ?"

ಟೀಚರಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು. ನ್ಯಾಯ ಎಂದರೆ ನ್ಯಾಯ.

"ಅಜ್ಜಿ, ನಾಳೆ ಪ್ರದರ್ಶನಕ್ಕೆ ನೀವು ಬರ್ಬೇಕು. ನನ್ನ ಮೇಜು ನಿಮ್ಮದು, ಹೆಸರೂ ನಿಮ್ಮದೇ ಹಾಕಿಸ್ತೀನಿ," ಎಂದರು. "ಈಗ ಆ ಮರದ ಸುತ್ತಿಗೆ ಸ್ವಲ್ಪ ಕೊಡ್ತೀರಾ?"

ಓದುಗ ಮಹಾಶಯರೇ, ನಗುತ್ತ ನಿಲ್ಲಬೇಡಿ. ಗಲ್ಲಿಯ ಆ ತುದಿಯಲ್ಲಿ ನೀವಿದ್ದರೆ, ಮಂಡಿನೋವನ್ನು ಮರೆತು ಬರಿಗಾಲಲ್ಲಿ ಓಡಿಬರುತ್ತಿರುವ ಆ ಕಲಾವಿದರನ್ನು ದಯವಿಟ್ಟು ಹಿಡಿದು ನಿಲ್ಲಿಸಿ.