ಭಾರದವನು ಬಂದಿದ್ದ

ಸೊಂಟದ ಆಪರೇಷನ್ ಆದವರ ಮನೆಯಲ್ಲಿ ಭಾರ ಮಂಡಳಿಯವರು ಕೆಲವು ವಾರ ಎಲ್ಲದರ ಭಾರ ಇಳಿಸಿಕೊಡುತ್ತಾರೆ. ನಮ್ಮ ಮನೆಯಲ್ಲೂ ಇಳಿಸಿದ್ದರು. ಸೊಂಟದ ಹೊಸ ಕೀಲಿನೊಂದಿಗೆ ಓಡಾಡಲು ನನಗೆ ಆರಾಮಾಯಿತು, ಮಕ್ಕಳಿಗೆ ಹಬ್ಬವಾಯಿತು. ದೊಡ್ಡವಳು ಇಂಚರ ಹೋಂವರ್ಕನ್ನು ಫ್ಯಾನಿನ ಪಕ್ಕ ತೇಲುತ್ತಾ ಬರೆದಳು. ಸಾರನ್ನು ಮುಚ್ಚಳದ ಲೋಟದಿಂದ ಹೀರಿದೆವು. ಅತ್ತೆ ಮಾತ್ರ ಮಂಚದ ಕಾಲು ಹಿಡಿದುಕೊಂಡೇ ಧಾರಾವಾಹಿ ನೋಡಿದರು.

ತೊಂದರೆಯಾದದ್ದು ಎರಡು ವರ್ಷದ ತೇಜುವಿಗೆ. ಅವನು ನಿದ್ದೆ ಮಾಡುವುದು ನನ್ನ ಸೊಂಟದ ಮೇಲೆ ಕೂತಾಗ ಮಾತ್ರ. ಈಗ ಅವನನ್ನು ಒಂದೇ ಬೆರಳಲ್ಲಿ ಎತ್ತಬಹುದಿತ್ತು, ಆದರೆ ಸೊಂಟದ ಮೇಲೆ ಕೂರಿಸಿದರೆ ನಿಲ್ಲುತ್ತಲೇ ಇರಲಿಲ್ಲ. ಮೆಲ್ಲಗೆ ಮೇಲೇರಿ ಹೋಗಿ ರಚ್ಚೆ ಹಿಡಿಯುತ್ತಿದ್ದ.

ಇವತ್ತು ಮಂಡಳಿಯಿಂದ ಭಾರದವನು ಬಂದ. "ಇನ್ನೊಂದ್ ತಿಂಗ್ಳು ಹಿಂಗೇ ಬಿಡ್ಲಾ ಅಕ್ಕಾ? ಎಲ್ರೂ ಹಂಗೇ ಕೇಳ್ತಾರೆ."

"ಬಿಡಿ ಅಂಕಲ್," ಎಂದು ಇಂಚರ ಮೇಲಿನಿಂದ ಹೇಳಿದಳು.

"ಬೇಡ, ಭಾರ ವಾಪಸ್ ಹಾಕ್ಬಿಡಿ. ಡಾಕ್ಟ್ರು ಮಗು ಎತ್ಕೋಬೋದು ಅಂದಿದಾರೆ," ಎಂದೆ. "ಇಂಚರಾ, ನೀನ್ ಮೊದ್ಲು ಕೆಳಗಿಳಿ."

ಅವನು ಮೀಟರ್ ಪೆಟ್ಟಿಗೆಯ ಹಿಡಿ ತಿರುಗಿಸಿದ. ಫ್ಯಾನಿನ ಸುತ್ತ ಸೇರಿಕೊಂಡಿದ್ದ ಬಳಪ, ಕಾಲುಚೀಲ, ಕಳೆದುಹೋಗಿದ್ದ ಟೀವಿ ರಿಮೋಟು ಒಟ್ಟಿಗೇ ಉದುರಿದವು. ತೇಜು ಎರಡೂ ಕೈ ಚಾಚಿದ. ಎತ್ತಿ ಸೊಂಟಕ್ಕೆ ಕೂರಿಸಿಕೊಂಡೆ. ಒಂದು ಕ್ಷಣ ವಾಲಿ, ಗೋಡೆ ಹಿಡಿದೆ. ಅವನು ನನ್ನ ಹೆಗಲಿಗೆ ತಲೆಯಾನಿಸಿ ಅಲ್ಲೇ ಉಳಿದ.

ಭಾರದವನು ಗಾಬರಿಯಾದ. "ಜಾಸ್ತಿ ಹಾಕ್ಬಿಟ್ನಾ ಅಕ್ಕಾ? ಸ್ವಲ್ಪ ಇಳಿಸ್ಲಾ?"

"ನಿಮ್ದು ಸರಿಯಾಗೇ ಇದೆ," ಎಂದೆ. "ಇವ್ನು ಬೆಳ್ದಿದಾನೆ."