ಹೊಗೆಯಿಲ್ಲದ ಚಿಮಣಿ

ಹೊಗೆಯ ಕಪ್ಪನ್ನು ಅಳೆಯುವ ಕಾರ್ಡನ್ನು ಅಕ್ಕ ಚಿಮಣಿಯ ಕಡೆಗೆ ಎತ್ತಿ ಹಿಡಿದಾಗ, ಪಕ್ಕದಲ್ಲಿ ನಿಂತಿದ್ದ ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ. ಅವನು ಆ ಕಾರ್ಖಾನೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಅವಳು ಹೊಸದಾಗಿ ಬಂದ ಹೊಗೆ ಕಾನೂನಿನ ಇನ್‌ಸ್ಪೆಕ್ಟರ್. ಹೋದ ಸಲ ತಮ್ಮನೆಂಬ ಮುಲಾಜೂ ಇಲ್ಲದೆ ದಂಡ ಹಾಕಿದ್ದಳು. ಇನ್ನೊಮ್ಮೆ ಹೊಗೆ ಕಪ್ಪಾಗಿ ಕಂಡರೆ ಬಾಯ್ಲರಿಗೆ ಬೀಗ, ಅವನ ಕೆಲಸಕ್ಕೂ ಕುತ್ತು.

ಕಾರ್ಡಿನ ಮೇಲೆ ಬಿಳಿಯಿಂದ ಕಪ್ಪಿನವರೆಗಿನ ಚೌಕಗಳಿದ್ದವು. ಅವಳು ಚಿಮಣಿ ನೋಡಿದಳು, ಕಾರ್ಡು ನೋಡಿದಳು; ಹೋಲಿಸಲು ಹೊಗೆಯೇ ಇರಲಿಲ್ಲ. ಹುಬ್ಬು ಗಂಟಿಕ್ಕಿದಳು. "ನನ್ನ ಕಣ್ಣಿಗೇ ಮಣ್ಣೆರಚ್ತೀಯೇನೋ? ನಾನು ಬರ್ತೀನಂತ ಬೆಂಕಿ ಆರಿಸಿದ್ದೀಯಾ?"

"ಒಳಗೆ ಬಂದು ನೋಡಕ್ಕ."

ತಮ್ಮ ಬಾಯ್ಲರಿನ ಕಬ್ಬಿಣದ ಬಾಗಿಲು ತೆರೆದ. ಬೆಂಕಿ ಧಗಧಗ ಉರಿಯುತ್ತಿತ್ತು. ಅವನು ಅರ್ಧ ಸಲಿಕೆ ಕಲ್ಲಿದ್ದಲನ್ನು ತೆಳ್ಳಗೆ ಹರಡುವಂತೆ ಎಸೆದ. "ಮೊದಲು ಒಂದೇ ಸಲ ಗುಡ್ಡೆ ಸುರೀತಿದ್ದೆ. ಈಗ ಸ್ವಲ್ಪಸ್ವಲ್ಪಾನೇ ಹಾಕ್ತೀನಿ, ಪೂರ್ತಿ ಉರಿಯುತ್ತೆ. ರಟ್ಟೆ ಬಿದ್ದುಹೋಗುತ್ತೆ, ಆದ್ರೆ ಹೊಗೆ ಏಳಲ್ಲ."

ಮಾಲೀಕ ಓಡೋಡಿ ಬಂದು, "ಏನಾದ್ರೂ ತಪ್ಪಾಯ್ತಾ, ಮೇಡಂ?" ಎಂದ.

ಅಕ್ಕ ಮಾಲೀಕನೆದುರೇ ತಮ್ಮನ ಮಸಿ ಮೆತ್ತಿದ ಹೆಗಲ ಮೇಲೆ ಕೈಯಿಟ್ಟಳು. "ಊರಲ್ಲಿರೋ ಬಾಯ್ಲರ್ ಕೆಲಸದೋರನ್ನೆಲ್ಲ ನಾಳೆ ಇಲ್ಲಿಗೆ ಕಳಿಸ್ತೀನಿ. ಬೆಂಕಿ ಉರಿಸೋದು ಹೇಗೆ ಅಂತ ನನ್ನ ತಮ್ಮ ಹೇಳ್ಕೊಡ್ತಾನೆ."