ಮೂರು ಬಡಿತ

ಕಡಲಡಿಯ ಎಣ್ಣೆ ಹುಡುಕುವ ಹಡಗು ದಡ ಸೇರಿದಾಗ ಗುಲಾಬಿ ಕಾದು ನಿಂತಿದ್ದಳು. ಮೀನಿಗೆ ಹೋದ ಗಂಡನ ದೋಣಿ ಮರಳದೆ ಆರು ದಿನವಾಗಿತ್ತು.

ಹಡಗಿನಲ್ಲಿ ಸದ್ದುಗಳ ದಾಖಲೆ ನೋಡುವ ವಾರಿಜಾಳ ಕೈಯನ್ನು ಅವಳು ಹಿಡಿದುಕೊಂಡಳು.

"ಮೇಡಂ, ನೀವು ನೀರಿಗೆ ಬಿಡುವ ಮೈಕಿಗೆ ಮೀನು ಹೊರಳಿದ್ದೂ ಕೇಳ್ತದಂತಲ್ಲ? ಇವರ ಇಂಜಿನ್ ಕೇಳಲಿಲ್ವಾ?"

"ಇಲ್ಲಮ್ಮ." ಇಂಜಿನ್ ಸದ್ದು ನಿಜವಾಗಿಯೂ ದಾಖಲಾಗಿರಲಿಲ್ಲ.

"ಇಂಜಿನ್ ಮುಳುಗಿರಬಹುದು. ದೋಣಿ ಮಗುಚಿದ್ರೆ ನಮ್ಮವರು ಅದರ ಬೆನ್ನಿಗೆ ಹತ್ತಿ ಹುಟ್ಟುಗೋಲಿನಿಂದ ಬಡೀತಾರೆ. ಮೂರು ಬಡಿದು ನಿಲ್ಲಿಸೋದು, ಮತ್ತೆ ಮೂರು. ಇವರು ಅಷ್ಟು ಸುಲಭಕ್ಕೆ ಸೋಲೋ ಜನ ಅಲ್ಲ ಮೇಡಂ."

ವಾರಿಜಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಎಣ್ಣೆಯ ಸುಳಿವು ಕೊಡುವ ಕಡಲ ತಳದ ಪ್ರತಿಧ್ವನಿಗೆ ಅಡ್ಡಿಯೆಂದು, ಮೊನ್ನೆ ಮಂಗಳವಾರ ಬೆಳಗಿನಿಂದ ಸಂಜೆಯವರೆಗೂ ಬಂದ ಆ ಮೂರು ಮೂರು ಬಡಿತಗಳನ್ನು ಅವಳೇ ದಾಖಲೆಯಿಂದ ಒಂದೊಂದಾಗಿ ಅಳಿಸಿದ್ದಳು.